ಫ್ಯಾಮಿಲಿಯಾ, ಸಿಂಗಲ್ಲಾ?

ಅಲ್ ಮುಂತಜಾ, ದೋಹಾ
೨೦ ಏಪ್ರಿಲ್ ೨೦೨೪

ರೀ,

ಕ್ಷೇಮ ಸಮಾಚಾರದಿಂದ ಕಾಗದ ಶುರು ಮಾಡುವುದು ನನಗೂ ಗೊತ್ತು. ಆದರೆ ನಾನು ಕ್ಷೇಮವಾಗಿಲ್ಲ, ನಿಮ್ಮ ಕ್ಷೇಮ ಕೇಳುವಷ್ಟು ಒಳ್ಳೆಯ ಮನಸ್ಸೂ ಸದ್ಯಕ್ಕೆ ನನ್ನಲ್ಲಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ದೋಹಾಕ್ಕೆ ವಾಪಸ್ ಬಂದಿದ್ದೇನೆ. ಮುಂತಜಾದಲ್ಲಿ ಝೊಹರಕ್ಕನ ಮನೆಯಲ್ಲಿದ್ದೇನೆ. ಅಲ್ ವುಕೈರ್‌ನಲ್ಲಿ ನಮ್ಮ ಎದುರು ಮನೆಯಲ್ಲಿದ್ದರಲ್ಲ, ಅದೇ ಝೊಹರಕ್ಕ. ‘ಆ ಮನೇಲಿ ಅಷ್ಟೊತ್ತು ಏನೇ ಮಾತು ನಿಂಗೆ?’ ಎಂದು ನೀವು ಸಿಡುಕುತ್ತಿದ್ದಿರಿ. ಟಿಬಿಲಿಸಿಯಿಂದ ಒಬ್ಬಳೇ ವಿಮಾನದಲ್ಲಿ ಬಂದಿಳಿದಾಗ ನನಗೆ ಹೋಗಬೇಕೆನಿಸಿದ್ದು ಅವರ ಮನೆಗೇ. ನಿಮ್ಮ ಮನೆಯ ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು.

ಫೋನಿನಲ್ಲಿ ನಿಮ್ಮನ್ನು ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ನೀವು ನನ್ನ ಒಂದು ಮಾತನ್ನಾದರೂ ಪೂರ್ತಿ ಕೇಳಿದವರಲ್ಲ. ‘ಒಂದ್ನಿಮಿಷ, ಆಫೀಸಿಂದ ಕಾಲ್ ಬರ್ತಿದೆ’ ಎನ್ನುತ್ತೀರಿ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಝೊಹರಕ್ಕನ ಯಜಮಾನರು ಮೊಯ್ದಿನಣ್ಣ ಆ ಕಡೆ ಬರುವಾಗ ಬಾಗಿಲ ಕೆಳಗೆ ತೂರಿಸಿ ಹೋಗುತ್ತಾರೆ. ಓದಿ.

ಈದ್ ರಜೆಗೆ ಜಾರ್ಜಿಯಾ, ಅಲ್ಲಿಂದ ರೈಲಿನಲ್ಲಿ ಆರ್ಮೇನಿಯಾ ಎಂದು ನೀವು ಹೇಳಿದಾಗ ನಾನು ಕುಣಿದಾಡಿದ್ದೆ. ಒಂದು ದೇಶದಲ್ಲಿ ರೈಲು ಹತ್ತಿ ಇನ್ನೊಂದು ದೇಶದಲ್ಲಿ ಇಳಿಯುವುದು ಚಿಕ್ಕಂದಿನಿಂದ ನನಗಿದ್ದ ಹುಚ್ಚು. ಅದು ನಮ್ಮ ಪ್ರವಾಸವಲ್ಲ, ನಿಮ್ಮ ಮ್ಯಾನೇಜರ್ ಪ್ರಶಾಂತ್ ಸರ್ ಕುಟುಂಬದ ಪ್ರವಾಸ ಎಂದು ನನಗೆ ತಿಳಿದದ್ದು ಏರ್‌ಪೋರ್ಟಿನಲ್ಲಿ. ಅವರ ಸೂಟ್‌ಕೇಸುಗಳ ಜೊತೆ ನಾವೂ ಎರಡು ಲಗೇಜು.

ಹೊರಡುವ ಮುಂಚೆ ಕೇಳಿದ್ದೆ, ‘ನನ್ನ ಖತರ್ ಐಡಿ ಕಾರ್ಡಲ್ಲಿ ತಾರೀಖು ಮುಗ್ದಿದೆಯಲ್ರೀ, ಹೊಸದು ಪ್ರಿಂಟ್ ಮಾಡಿಸಲ್ವಾ?’

‘ರಿನ್ಯೂ ಆಗಿದೆ ಕಣೇ. ಆ್ಯಪ್ ತೋರ್ಸಿದ್ರೆ ಸಾಕು. ಈಗ ಯಾರು ಆ ಪ್ಲಾಸ್ಟಿಕ್ ತುಂಡು ಇಟ್ಕೊಂಡು ಓಡಾಡ್ತಾರೆ?’

ದೋಹಾದಲ್ಲಿ ನಿಜ. ಆದರೆ ಆ ದೇಶಗಳಲ್ಲಿ ನಮ್ಮನ್ನು ಒಳಗೆ ಬಿಡುವುದೇ ಖತರ್ ಐಡಿ ನೋಡಿ. ಟಿಬಿಲಿಸಿ ಏರ್‌ಪೋರ್ಟಿನಲ್ಲೂ ವೈಫೈ ಇತ್ತು, ಫೋನು ತೋರಿಸಿದೆ, ಬಿಟ್ಟರು. ರಾತ್ರಿಯ ರೈಲು ಆರ್ಮೇನಿಯಾದ ಗಡಿಯ ಸ್ಟೇಷನ್ನಿನಲ್ಲಿ ನಿಂತಾಗ ನನ್ನ ಫೋನಿಗೆ ನೆಟ್ ಇರಲಿಲ್ಲ. ಆ್ಯಪ್ ಗಿರಗಿರ ತಿರುಗುತ್ತಲೇ ಇತ್ತು. ಅಧಿಕಾರಿ ನನ್ನ ಹಳೆಯ ಕಾರ್ಡು ಹಿಡಿದು ಮುಗಿದ ತಾರೀಖಿನ ಮೇಲೆ ಬೆರಳಿಟ್ಟ. ಆಮೇಲೆ ಅವನಿಗೆ ಬರುವ ನಾಲ್ಕೇ ಇಂಗ್ಲಿಷ್ ಪದಗಳಲ್ಲಿ ನಿಮ್ಮನ್ನು ಕೇಳಿದ, ‘ಫ್ಯಾಮಿಲಿ? ಸಿಂಗಲ್?’

ನೀವು ನಕ್ಕಿರಿ. ಆಫೀಸಿನಲ್ಲಿ ದೊಡ್ಡವರ ಮುಂದೆ ನಗುವ ನಗು. ‘ಸಿಂಗಲ್, ಸಿಂಗಲ್. ಓನ್ಲಿ ಸಿಂಗಲ್’ ಎಂದಿರಿ. ನನ್ನ ಕಡೆ ತಿರುಗಿ, ‘ನೀನು ಇಳ್ಕೋ. ಬೆಳಿಗ್ಗೆ ಟಿಬಿಲಿಸಿಗೆ ಹೋಗಿ ಹೋಟೆಲಲ್ಲಿರು, ನಾವು ಬರ್ತೀವಿ. ಸೀನ್ ಮಾಡ್ಬೇಡ, ಸರ್ ನೋಡ್ತಿದಾರೆ’ ಎಂದಿರಿ.

ಪ್ಲಾಟ್‌ಫಾರ್ಮಿನಲ್ಲಿ ನಿಂತು ನಾನು ‘ರೀ’ ಎಂದು ಕೂಗಿದೆ. ‘ರೀ, ರೀ’ ಎಂದು ಗಂಟಲು ಹರಿಯುವಂತೆ ಕೂಗಿದೆ. ಮದುವೆಯಾದಾಗಿನಿಂದ ಕರೆದದ್ದೇ ಹಾಗೆ, ಬೇರೆ ಹೆಸರು ಬಾಯಿಗೆ ಬರಲಿಲ್ಲ. ಕಿಟಕಿಯಲ್ಲಿ ನೀವು ಚೆನ್ನಾಗಿ ಕಾಣುತ್ತಿದ್ದಿರಿ. ನಾನು ಕಟ್ಟಿ ತಂದಿದ್ದ ಚಪಾತಿ ಪೊಟ್ಟಣ ಬಿಚ್ಚಿ ಪ್ರಶಾಂತ್ ಸರ್‌ಗೆ ಬಡಿಸುತ್ತಿದ್ದಿರಿ. ಚಟ್ನಿಪುಡಿ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಅದನ್ನು ತೆಗೆಯಲು ಒದ್ದಾಡುತ್ತಿದ್ದಿರಿ. ರೈಲು ಹೊರಟಿತು.

ಆಮೇಲೆ ಒಂದು ಕೋಣೆಯಲ್ಲಿ ಕೂರಿಸಿದರು. ಅವರು ಕೆಟ್ಟವರಲ್ಲ, ಚಹಾ ಕೊಟ್ಟರು. ಆದರೆ ನೀವು ‘ಸಿಂಗಲ್’ ಎಂದಿದ್ದಿರಿ. ಒಂಟಿ ಹೆಂಗಸು, ಜೊತೆಯಲ್ಲಿದ್ದ ಗಂಡಸು ನನ್ನವಳಲ್ಲ ಎಂದಿದ್ದಾನೆ ಎಂದೇ ಅವರು ತಿಳಿದರು. ಅಧಿಕಾರಿ ಹೆಂಗಸೊಬ್ಬಳು ಫೋನಿನಲ್ಲಿ ಅನುವಾದ ಮಾಡಿಕೊಂಡು ಕೇಳಿದಳು, ‘ಆ ಮನುಷ್ಯ ನಿನ್ನನ್ನು ಎಲ್ಲಿಂದ ಕರೆತಂದ? ನಿನಗೆ ಏನು ಆಸೆ ತೋರಿಸಿದ?’ ಬೆಳಗಿನವರೆಗೂ ಅದೇ ಪ್ರಶ್ನೆ ತಿರುಗಿಸಿ ಮುರುಗಿಸಿ ಕೇಳಿದಳು. ಏನು ಉತ್ತರ ಕೊಡಲಿ? ಅರಿಶಿನ ದಾರ ತೋರಿಸಿದೆ. ಅವಳಿಗೆ ಅದು ದಾರ, ಅಷ್ಟೇ.

ಸಹನಾ

*

ಅಲ್ ವುಕೈರ್
೨೭ ಏಪ್ರಿಲ್ ೨೦೨೪

ಸಹನಾ,

ಒಂದೇ ಊರಲ್ಲಿ ಕೂತು ಕಾಗದ ಬರೆಯುವುದು ಯಾವ ನಾಟಕ? ಜನ ಏನೆಂದುಕೊಳ್ಳುತ್ತಾರೆ?

ನಾನೂ ಮನುಷ್ಯನೇ. ಮೂರನೇ ದಿನ ಟಿಬಿಲಿಸಿ ಹೋಟೆಲಿಗೆ ಬಂದು ನಿನ್ನನ್ನು ಕಾಣದೆ ರಿಸೆಪ್ಷನ್ನಿಗೆ ಓಡಿದೆ. ರಿಸೆಪ್ಷನ್ನಿನವನು ‘ಮೇಡಂ ಚೆಕೌಟ್’ ಎಂದ. ಸರ್ ಮುಂದೆ ನನ್ನ ಮುಖ ಎಲ್ಲಿ ಇಡಲಿ?

‘ಸಿಂಗಲ್’ ಎಂದದ್ದಕ್ಕೆ ಇಷ್ಟು ರಾದ್ಧಾಂತ. ಎಷ್ಟು ಜನರ ಕಾರ್ಡಿಗೆ ತೊಂದರೆ, ಇಡೀ ಫ್ಯಾಮಿಲಿಯದ್ದಾ ಒಬ್ಬರದ್ದಾ ಎಂದು ಅವನು ಕೇಳಿದ ಎಂದುಕೊಂಡೆ. ಒಬ್ಬರದ್ದೇ ಎಂದು ಹೇಳಿದೆ. ಇಲ್ಲಿ ಎಲ್ಲರೂ ಹಾಗೇ ತಾನೇ ಅನ್ನುವುದು? ರೂಮು ಸಿಂಗಲ್ಲಾ ಫ್ಯಾಮಿಲಿಯಾ, ಪಾರ್ಕು ಸಿಂಗಲ್ಲಿಗಾ ಫ್ಯಾಮಿಲಿಗಾ? ಅವನು ಬೇರೆ ಅರ್ಥ ಮಾಡಿಕೊಂಡರೆ ತಪ್ಪು ನನ್ನದಾ?

ನಾನೂ ಇಳಿದಿದ್ದರೆ ಏನಾಗುತ್ತಿತ್ತು? ಇಬ್ಬರೂ ಆ ಕೋಣೆಯಲ್ಲಿ ಕೂರುತ್ತಿದ್ದೆವು. ಟಿಕೆಟು, ಹೋಟೆಲು, ಟ್ಯಾಕ್ಸಿ ಎಲ್ಲ ನನ್ನ ಹೆಸರಿನಲ್ಲಿ ಬುಕ್ ಆಗಿತ್ತು. ನಾನಿಲ್ಲದೆ ಸರ್ ಕುಟುಂಬ ಬೆಳಗಿನ ಜಾವ ಯೆರೆವಾನ್‌ನಲ್ಲಿ ಎಲ್ಲಿಗೆ ಹೋಗುತ್ತಿತ್ತು? ಪ್ರಮೋಷನ್ ತೀರ್ಮಾನವಾಗುವುದು ಮುಂದಿನ ತಿಂಗಳು. ಇದೆಲ್ಲ ನಿನಗೆ ಗೊತ್ತಿಲ್ಲವೆಂದಲ್ಲ.

ನಿಮ್ಮಪ್ಪ ಏನು ನೋಡಿ ನಿನಗೆ ಸಹನಾ ಎಂದು ಹೆಸರಿಟ್ಟರೋ! ಸಿಟ್ಟು ಇಳಿಸಿಕೊಂಡು ಮನೆಗೆ ಬಾ. ಶುಕ್ರವಾರ ಕಾರು ತರುತ್ತೇನೆ.

ಗಿರಿಧರ್

*

ಅಲ್ ಮುಂತಜಾ
೧ ಮೇ ೨೦೨೪

ರೀ,

ಕಾರು ತರಬೇಡಿ. ತಂದರೆ ಝೊಹರಕ್ಕ ಚಹಾ ಕೊಟ್ಟು ಕಳಿಸುತ್ತಾರೆ, ನಾನು ಹೊರಗೆ ಬರುವುದಿಲ್ಲ.

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಕ್ಷಮಿಸು ಎಂಬ ಮಾತು ಎಲ್ಲಾದರೂ ಅವಿತುಕೊಂಡಿದೆಯೇ ಎಂದು ಹುಡುಕಿದೆ. ಸರ್ ಮುಖ, ನಿಮ್ಮ ಮುಖ, ಜನರ ಬಾಯಿ, ಎಲ್ಲ ಇದೆ.

ಆಗಲಿ, ಸಿಂಗಲ್ ಎಂದರೆ ಒಬ್ಬಳೇ ಎಂದಿಟ್ಟುಕೊಳ್ಳೋಣ. ಗೊತ್ತಿಲ್ಲದ ದೇಶದಲ್ಲಿ, ಭಾಷೆ ಬರದ ಕಡೆ, ‘ಒಬ್ಬಳೇ’ ಎಂದು ನೀವೇ ಹೇಳಿದಿರಲ್ಲ. ಅರ್ಥ ಸರಿಯಾಗಿಯೇ ಇತ್ತು. ಅವರು ಸರಿಯಾಗಿಯೇ ತಿಳಿದರು.

ಈಗ ಒಂದು ಪ್ರಶ್ನೆ. ನಿಮ್ಮ ಫೋನು ಎಲ್ಲಿತ್ತು?

ಕಂಪನಿ ಸಿಮ್ಮು, ಎಲ್ಲ ದೇಶದಲ್ಲೂ ನೆಟ್ ಬರುತ್ತದೆ ಎಂದು ಟಿಬಿಲಿಸಿಯ ಬೀದಿಯಲ್ಲಿ ಜಂಬ ಕೊಚ್ಚಿದ್ದು ನೀವೇ. ಅದರಿಂದ ನನ್ನ ಫೋನಿಗೆ ನೆಟ್ ಕೊಟ್ಟಿದ್ದರೆ ಆ್ಯಪ್ ತೆರೆಯುತ್ತಿತ್ತು. ಬೆಳಿಗ್ಗೆ ಆ ಅಧಿಕಾರಿ ಹೆಂಗಸು ಮಾಡಿದ್ದು ಅದನ್ನೇ. ತನ್ನ ಫೋನಿಂದ ನೆಟ್ ಕೊಟ್ಟಳು, ನನ್ನ ಐಡಿ ಫಟ್ಟಂತ ಬಂತು, ತಾರೀಖು ಮುಂದಿನ ವರ್ಷದವರೆಗೂ ಇತ್ತು. ಅವಳು ತಲೆಗೆ ಕೈ ಹಚ್ಚಿಕೊಂಡಳು. ಅಷ್ಟರಲ್ಲಿ ಪಾಸ್‌ಪೋರ್ಟಿಗೆ ವಾಪಸ್ ಮುದ್ರೆ ಬಿದ್ದಿತ್ತು, ನನ್ನನ್ನು ಜಾರ್ಜಿಯಾಕ್ಕೆ ಬಿಡಲು ಜೀಪು ಬಂದಿತ್ತು.

ನಿಮ್ಮ ಫೋನು ಪ್ರಶಾಂತ್ ಸರ್ ಮಗಳ ಕೈಯಲ್ಲಿತ್ತು. ಪಕ್ಕದ ಕಂಪಾರ್ಟ್‌ಮೆಂಟಿನಲ್ಲಿ ಕೂತು ಕಾರ್ಟೂನ್ ನೋಡುತ್ತಿದ್ದಳು. ನಾನು ‘ರೀ, ನಿಮ್ಮ ಫೋನ್ ಕೊಡಿ’ ಎಂದೆ. ನೀವು ಹೋಗಿ ಬಾಗಿಲಲ್ಲಿ ನಿಂತಿರಿ, ಮಗುವನ್ನು ನೋಡಿದಿರಿ, ಸರ್ ಮುಖ ನೋಡಿದಿರಿ, ವಾಪಸ್ ಬಂದಿರಿ. ‘ಕಿತ್ಕೊಂಡ್ರೆ ಅಳುತ್ತೆ ಕಣೇ, ಚೆನ್ನಾಗಿರಲ್ಲ’ ಎಂದಿರಿ.

ಮ್ಯಾನೇಜರ್ ಮಗಳು ಅಳಬಾರದೆಂದು ಹೆಂಡತಿಯನ್ನು ಗಡಿಯಲ್ಲಿ ಇಳಿಸಿದಿರಿ.

ಈಗ ನನಗೆ ಬೇಕಾದ್ದು ಒಂದೇ. ಮೊಯ್ದಿನಣ್ಣ ತಮ್ಮ ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ ಕೊಡುತ್ತಿದ್ದಾರೆ. ಮೈಸೂರಿನಲ್ಲಿ ನಾನು ಕಲಿತದ್ದೂ ಕಣ್ಣಿನ ಪರೀಕ್ಷೆಯನ್ನೇ ಎಂಬುದು ನಿಮಗೆ ಮರೆತಿರಬಹುದು. ನಾನೀಗ ನಿಮ್ಮ ವೀಸಾದ ಮೇಲಿದ್ದೇನೆ, ನನಗೆ ಹೊಣೆ ನಿಂತ ಕಫೀಲ್ ನೀವು. ಅಂಗಡಿಯ ವೀಸಾಕ್ಕೆ ಹೋಗಬೇಕಾದರೆ ನಿಮಗೆ ಅಭ್ಯಂತರವಿಲ್ಲ ಎಂಬ ಕಾಗದ ಬೇಕು. ಒಂದು ಸಹಿ. ಹಾಕಿ ಕಳಿಸಿ.

ಸಹನಾ

*

ಅಲ್ ವುಕೈರ್
೨೪ ಮೇ ೨೦೨೪

ಸಹನಾ,

ಸಹಿ ಹಾಕುವುದಿಲ್ಲ.

ಅಂಗಡಿಯಲ್ಲಿ ನಿಂತು ಕಂಡಕಂಡವರ ಮೂಗಿಗೆ ಕನ್ನಡಕ ಏರಿಸುವ ಗತಿ ನನ್ನ ಹೆಂಡತಿಗೆ ಬಂದಿಲ್ಲ. ನೀನು ಈ ದೇಶದಲ್ಲಿ ಇರುವುದು ನನ್ನಿಂದ. ನಾನು ಆ್ಯಪ್ ತೆರೆದು ಕ್ಯಾನ್ಸಲ್ ಎಂದು ಒತ್ತಿದರೆ ಖಲಾಸ್, ಗಂಟುಮೂಟೆ ಕಟ್ಟಬೇಕು. ಒತ್ತಿಲ್ಲವಲ್ಲ, ಅದಕ್ಕೆ ಒಂದು ಥ್ಯಾಂಕ್ಸ್ ಇಲ್ಲ.

ಪ್ರಮೋಷನ್ ನನಗೆ ಬರಲಿಲ್ಲ. ಕೇಳಿ ನಿನಗೆ ಖುಷಿಯಾಗಬಹುದು.

ಗಿರಿಧರ್

*

ಅಲ್ ವುಕೈರ್
೨ ಆಗಸ್ಟ್ ೨೦೨೪

ಪ್ರೀತಿಯ ಸಹನಾ,

ನೀನು ಉತ್ತರ ಬರೆಯಲಿಲ್ಲ. ಮೇ ತಿಂಗಳಲ್ಲಿ ಬರೆದದ್ದು ಒರಟಾಯಿತು ಎಂದು ನನಗೇ ಅನ್ನಿಸಿದೆ.

ಸೆಕೆ ತಡೆಯಲಾಗುತ್ತಿಲ್ಲ. ಹಾಲ್‌ನ ಎಸಿ ನೀರು ಸುರಿಸುತ್ತದೆ, ಕೆಳಗೆ ಬಕೆಟ್ ಇಟ್ಟಿದ್ದೇನೆ. ಬಾಲ್ಕನಿಯ ನಿನ್ನ ದೊಡ್ಡಪತ್ರೆ ಗಿಡವನ್ನು ಒಳಗೆ ತಂದು ನೀರು ಹಾಕುತ್ತಿದ್ದೇನೆ. ಎರಡು ಚಿಗುರು ಬಂದಿದೆ. ನೀನು ಮಾಡುತ್ತಿದ್ದ ತಂಬುಳಿ ನೆನಪಾಗುತ್ತದೆ. ಮನೆ ಮನೆಯ ಹಾಗಿಲ್ಲ. ಶುಕ್ರವಾರ ಬಂದರೆ ಯಾರೊಂದಿಗೂ ಮಾತಿಲ್ಲದೆ ಟಿವಿ ಹಾಕಿಕೊಂಡು ಮಲಗಿಬಿಡುತ್ತೇನೆ.

ನಿನ್ನ ಹೊಸ ಐಡಿ ಕಾರ್ಡು ಪ್ರಿಂಟ್ ಮಾಡಿಸಿದ್ದೇನೆ, ಇದರ ಜೊತೆ ಇಟ್ಟಿದ್ದೇನೆ. ಆಗಲೇ ಮಾಡಿಸಬೇಕಿತ್ತು. ನನ್ನದು ತಪ್ಪಾಯಿತು ಸಹನಾ. ಆ ರಾತ್ರಿ ನಾನು ಇಳಿಯಬೇಕಿತ್ತು.

ಬಾ. ಈ ತಿಂಗಳೊಳಗೆ ಬಂದುಬಿಡು. ಉಳಿದದ್ದೆಲ್ಲ ಆಮೇಲೆ ಕೂತು ಮಾತಾಡೋಣ.

ನಿನ್ನ,
ಗಿರಿಧರ್

*

ಅಲ್ ಮುಂತಜಾ
೧೦ ಆಗಸ್ಟ್ ೨೦೨೪

ರೀ,

ನಿಮ್ಮ ಕಾಗದ ಓದಿ ನನಗೆ ಕಣ್ಣು ತುಂಬಿತು. ಸುಳ್ಳೇಕೆ ಹೇಳಲಿ? ‘ಇಳಿಯಬೇಕಿತ್ತು’ ಎಂಬ ಮಾತಿಗೆ ನಾನು ಎಷ್ಟು ದಿನದಿಂದ ಕಾದಿದ್ದೆ. ಝೊಹರಕ್ಕನಿಗೆ ಓದಿ ತೋರಿಸಿದೆ. ‘ಹೋಗುದಾದ್ರೆ ಹೋಗು ಮಾರಾಯ್ತಿ, ನಿನ್ನ ಮನೆ ಅಲ್ವಾ? ನಂಗೆ ಬೇಜಾರ ಇಲ್ಲ’ ಎಂದರು. ಬಟ್ಟೆ ಮಡಿಸಿ ಬ್ಯಾಗಿಗೆ ಹಾಕಿದೆ.

ಮಾರನೆಯ ದಿನ ಅಂಗಡಿಗೆ ಹೋಗಿ ಮೊಯ್ದಿನಣ್ಣನಿಗೆ ವಿಷಯ ಹೇಳೋಣ ಎಂದು ಕೂತಿದ್ದೆ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಪಕೀರಬ್ಬ ಕನ್ನಡಕ ಮಾಡಿಸಲು ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

‘ಅಲ್ಲ ಅಕ್ಕ, ನೀವು ಊರಲ್ಲಿ ಅಲ್ವಾ? ಹೆರಿಗೆಗೆ ಹೋಗಿದ್ದಾರೆ ಅಂತ ಸಾರ್ ಹೇಳಿದ್ರು. ಮಗು ಎಂತ, ಗಂಡಾ ಹೆಣ್ಣಾ?’

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು. ‘ಬಂದದ್ದು ಒಳ್ಳೇದಾಯ್ತು. ಓನರ್ ಅರಬಾಬ್ ನನ್ನ ಮೇಲೆ ಬೊಬ್ಬೆ ಹಾಕ್ತಾ ಇದ್ದಾರೆ. ಇದು ಫ್ಯಾಮಿಲಿ ಬಿಲ್ಡಿಂಗ್, ಬ್ಯಾಚುಲರ್ ಮಾಫಿ, ಬ್ಯಾಚುಲರ್ ಇರ್ಬಾರ್ದು ಅಂತ. ಈ ತಿಂಗಳಲ್ಲಿ ಫ್ಯಾಮಿಲಿ ಕಾಣದಿದ್ರೆ ಸಾರ್ ಖಾಲಿ ಮಾಡ್ಬೇಕು. ಅವರ ಆಫೀಸಿಂದ ಜನ ಬಂದು ನೋಡ್ತಾರೆ.’

ಈ ಊರಿನಲ್ಲಿ ಹೆಂಡತಿ ಜೊತೆಗಿಲ್ಲದ ಗಂಡಸು ಮೊಮ್ಮಕ್ಕಳಿದ್ದರೂ ಬ್ಯಾಚುಲರ್ ಎಂದು ನೀವೇ ನಗುತ್ತಿದ್ದಿರಿ. ಈಗ ನೀವು ಬ್ಯಾಚುಲರ್. ‘ಈ ತಿಂಗಳೊಳಗೆ’ ಎಂದು ನೀವು ಬರೆದದ್ದು ಏಕೆಂದು ಆಗ ತಿಳಿಯಿತು. ನಾನೆಂಥ ಪೆದ್ದಿ! ದೊಡ್ಡಪತ್ರೆಯ ಎರಡು ಚಿಗುರಿಗೆ ಕರಗಿ ಬ್ಯಾಗಿನ ಜಿಪ್ ಎಳೆದಿದ್ದೆನಲ್ಲ.

ಮನೆ ಉಳಿಸಿಕೊಳ್ಳಲು ನನಗೆ ಬೆಣ್ಣೆ ಹಚ್ಚಿದಿರಿ, ಅದನ್ನೂ ನುಂಗಿಕೊಳ್ಳುತ್ತೇನೆ. ಆದರೆ ಹೆರಿಗೆ ಎಂದಿರಲ್ಲ. ಬೇರೆ ನೂರು ಸುಳ್ಳು ಇದ್ದವು. ಅಮ್ಮನಿಗೆ ಹುಷಾರಿಲ್ಲ ಎನ್ನಬಹುದಿತ್ತು, ತಮ್ಮನ ಮದುವೆ ಎನ್ನಬಹುದಿತ್ತು. ಎರಡು ಸಲ ಆಸ್ಪತ್ರೆಯಿಂದ ನಾವಿಬ್ಬರೂ ಖಾಲಿ ಕೈಯಲ್ಲಿ ಮನೆಗೆ ಬಂದಿದ್ದೇವೆ. ಎರಡನೆಯ ಸಲ ಕಾರಿನಲ್ಲಿ ನೀವು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತಿದ್ದಿರಿ. ಆ ಗಂಡಸಿನ ಬಾಯಲ್ಲಿ ಈ ಸುಳ್ಳು ಹೇಗೆ ಬಂತು?

ಹೊಸ ಕಾರ್ಡು ಸಿಕ್ಕಿತು. ಉದ್ಯೋಗ ಎಂಬಲ್ಲಿ ಗೃಹಿಣಿ ಎಂದಿದೆ, ಕಫೀಲ್ ಎಂಬಲ್ಲಿ ನಿಮ್ಮ ಹೆಸರಿದೆ. ನಿಮಗೆ ಬೇಕಾಗಿರುವುದು ಈ ಕಾರ್ಡೇ, ನಾನಲ್ಲ.

ಸಹನಾ

*

ಅಲ್ ವುಕೈರ್
೧೪ ಆಗಸ್ಟ್ ೨೦೨೪

ಸಹನಾ,

ಹೆರಿಗೆಯ ಮಾತು ಬಾಯಿ ತಪ್ಪಿ ಬಂತು. ಪಕೀರಬ್ಬ ದಿನಾ ಲಿಫ್ಟಿನ ಹತ್ತಿರ ‘ಫ್ಯಾಮಿಲಿ ಎಲ್ಲಿ ಸಾರ್?’ ಎಂದು ಕೇಳುತ್ತಿದ್ದ. ಏನು ಹೇಳಲಿ? ಹೆಂಡತಿ ಬಿಟ್ಟು ಹೋದಳು ಎನ್ನಲೇ? ಒಂದು ದಿನ ಹಾಗೆ ಅಂದುಬಿಟ್ಟೆ. ಅವನು ಖುಷಿಪಟ್ಟು ನನ್ನ ಕೈ ಕುಲುಕಿದ. ಆಮೇಲೆ ತಿದ್ದಲು ಆಗಲಿಲ್ಲ. ಅವನು ಕುಲುಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಲಿಫ್ಟಿನಲ್ಲಿ ಮೇಲೆ ಹೋದೆ. ಇಷ್ಟು ಹೇಳಿದರೆ ಸಾಕು.

ಮನೆ ಹೋದರೆ ನಾನು ಎಲ್ಲಿಗೆ ಹೋಗಲಿ? ಈ ವಯಸ್ಸಿನಲ್ಲಿ ಬ್ಯಾಚುಲರ್ ರೂಮಿನಲ್ಲಿ ಬಂಕ್ ಬೆಡ್ಡಾ?

ನೇರವಾಗಿ ಹೇಳುತ್ತೇನೆ. ಇಪ್ಪತ್ತಮೂರರ ಶುಕ್ರವಾರ ಸಂಜೆ ಬಿಲ್ಡಿಂಗ್ ಆಫೀಸಿನವರು ಬರುತ್ತಾರೆ. ನೀನು ಆ ಹೊತ್ತಿಗೆ ಮನೆಯಲ್ಲಿರು, ಚಹಾ ಕೊಡು. ನಿನ್ನ ಕಾಗದಕ್ಕೆ ಸಹಿ ಹಾಕಿ ಕೊಡುತ್ತೇನೆ. ಆಮೇಲೆ ನಿನ್ನಿಷ್ಟ.

ಗಿರಿಧರ್

*

ಅಲ್ ಮುಂತಜಾ
೧೮ ಆಗಸ್ಟ್ ೨೦೨೪

ರೀ,

ಬರುತ್ತೇನೆ. ಮೊದಲು ಸಹಿ, ಆಮೇಲೆ ಚಹಾ. ಬಂದವರು ನನ್ನನ್ನು ಏನಾದರೂ ಕೇಳಿದರೆ ಉತ್ತರ ಕೊಡುತ್ತೇನೆ.

ಸಹನಾ

*

ಅಲ್ ವುಕೈರ್
೨೪ ಆಗಸ್ಟ್ ೨೦೨೪

ಸಹನಾ,

ನಿನಗೆ ನಾನು ಏನು ಅನ್ಯಾಯ ಮಾಡಿದ್ದೆ ಎಂದು ಹೀಗೆ ಮಾಡಿದೆ? ಮಾಡಿದ್ದೆ, ಸರಿ. ಆದರೆ ಸಹಿ ಕೊಟ್ಟಿದ್ದೆನಲ್ಲ! ನೀನು ಬಂದ ತಕ್ಷಣ, ಚಪ್ಪಲಿ ಬಿಡುವ ಮುಂಚೆಯೇ ಕೊಟ್ಟೆ. ನಿನ್ನ ಬ್ಯಾಗಿನೊಳಗೆ ಹೋಯಿತು.

ಎಲ್ಲ ಸರಿಯಾಗಿತ್ತು. ನೀನು ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು, ‘ಚಹಾಪುಡಿ ಎಲ್ಲಿಟ್ಟಿದೀರಿ?’ ಎಂದು ಬೈದಾಗ ನನಗೆ ಒಂದು ಗಳಿಗೆ ಎಲ್ಲವೂ ಮುಗಿದು ಸರಿಯಾಯಿತು ಎಂದೇ ಅನ್ನಿಸಿತು. ಆಫೀಸಿನ ಆ ಈಜಿಪ್ಟಿನವನು ಸೋಫಾದಲ್ಲಿ ಕೂತ. ಪಕೀರಬ್ಬ ಬಾಗಿಲಲ್ಲಿ ನಿಂತ. ನೀನು ಟ್ರೇ ತಂದೆ. ಅವನು ಕೇಳಿದ್ದು ಒಂದೇ ಮಾತು, ‘ಫ್ಯಾಮಿಲಿ? ಸಿಂಗಲ್?’

ನಾನು ‘ಫ್ಯಾಮಿಲಿ, ಫ್ಯಾಮಿಲಿ’ ಎಂದೆ. ನೀನು ಟ್ರೇ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಕಡೆ ಬೆರಳು ತೋರಿಸಿ ‘ಸಿಂಗಲ್. ಓನ್ಲಿ ಸಿಂಗಲ್’ ಎಂದೆ. ಬ್ಯಾಗು ತೆಗೆದುಕೊಂಡು ಹೊರಟೇಹೋದೆ. ಪಕೀರಬ್ಬ ಒಮ್ಮೆ ನನ್ನ ಮುಖ ನೋಡುತ್ತಾನೆ, ಒಮ್ಮೆ ನೆಲ ನೋಡುತ್ತಾನೆ. ಈಜಿಪ್ಟಿನವನು ಮಾತ್ರ ನಿಧಾನವಾಗಿ ಚಹಾ ಮುಗಿಸಿ ಎದ್ದ.

ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅಲ್ ರಯ್ಯಾನ್ ಕಡೆ ನಾಲ್ಕು ಜನರ ಜೊತೆ ಒಂದು ರೂಮು ಸಿಕ್ಕಿದೆ. ನಿನಗೆ ಸಮಾಧಾನವಾಯಿತೇ?

ಗಿರಿಧರ್

*

ಅಲ್ ಮುಂತಜಾ
೨೯ ಸೆಪ್ಟೆಂಬರ್ ೨೦೨೪

ಗಿರಿಧರ್,

ಸಮಾಧಾನವಾಗಿಲ್ಲ. ನನ್ನ ಕೋಪ ಇನ್ನೂ ಹಾಗೇ ಇದೆ. ಅದು ಇಳಿಯಲಿ ಎಂಬ ಆತುರವೂ ನನಗಿಲ್ಲ.

ನೀವು ನಂಬಿ, ಬಿಡಿ, ಆ ದಿನ ನಾನು ಫ್ಯಾಮಿಲಿ ಎನ್ನಲೆಂದೇ ಬಂದಿದ್ದೆ. ಸಹಿಗೆ ಬದಲಾಗಿ ಅಲ್ಲ. ಅಡುಗೆಮನೆಯ ಕಿಟಕಿಯಲ್ಲಿ ದೊಡ್ಡಪತ್ರೆ ನಿಜವಾಗಿಯೂ ಚಿಗುರಿತ್ತು. ನೀವು ಆ ಒಂದು ವಿಷಯದಲ್ಲಿ ಸುಳ್ಳು ಬರೆದಿರಲಿಲ್ಲ. ಮನೆಯಾದರೂ ಇವರಿಗೆ ಉಳಿಯಲಿ ಎಂದುಕೊಂಡು ಟ್ರೇ ಹಿಡಿದು ಬಂದೆ.

ಆ ಮನುಷ್ಯ ಅವೇ ಎರಡು ಪದ ಕೇಳಿದ. ಕೇಳಿದ್ದು ನನ್ನನ್ನು, ನನ್ನ ಮುಖ ನೋಡಿ. ನಾನು ಬಾಯಿ ತೆರೆಯುವ ಮೊದಲೇ ನೀವು ಉತ್ತರ ಕೊಟ್ಟಿರಿ. ಅದೇ ನಗು ನಕ್ಕಿರಿ. ರೈಲಿನಲ್ಲಿ ಯಾವುದನ್ನು ಹೇಳಿದರೆ ನಿಮಗೆ ಅನುಕೂಲವೋ ಅದನ್ನು ಹೇಳಿದಿರಿ, ಮನೆಯಲ್ಲೂ ಹಾಗೇ. ನಾನು ಫ್ಯಾಮಿಲಿಯೋ ಸಿಂಗಲ್ಲೋ ಎಂದು ಎರಡು ಸಲವೂ ನೀವೇ ತೀರ್ಮಾನಿಸಿದಿರಿ. ಎರಡನೆಯ ಸಲ ನಾನೂ ಬಾಯಿ ತೆರೆದೆ, ಅಷ್ಟೇ ವ್ಯತ್ಯಾಸ.

ಅಂಗಡಿಯ ವೀಸಾದ ನನ್ನ ಕಾರ್ಡು ನಿನ್ನೆ ಬಂತು. ಆ್ಯಪ್‌ನಲ್ಲೂ ಇದೆ, ಆದರೂ ನಾನೇ ಪ್ರಿಂಟ್ ಮಾಡಿಸಿದೆ. ಡಿಸೆಂಬರಿನಲ್ಲಿ ರಜೆ ಕೊಡುತ್ತೇನೆ ಎಂದಿದ್ದಾರೆ ಮೊಯ್ದಿನಣ್ಣ. ಟಿಬಿಲಿಸಿಯಿಂದ ಅದೇ ರೈಲು ಹತ್ತುತ್ತೇನೆ. ಈ ಸಲ ಕೇಳಿದರೆ ಹೇಳುವವಳು ನಾನೇ.

ಮೇಲೆ ನಿಮ್ಮ ಹೆಸರು ಬರೆದಿರುವುದನ್ನು ನೋಡಿದಿರಾ? ಆ ಪ್ಲಾಟ್‌ಫಾರ್ಮಿನಲ್ಲಿ ‘ರೀ’ ಎಂದು ಅಷ್ಟು ಕೂಗಿದೆನಲ್ಲ, ಅದು ಯಾರ ಹೆಸರೂ ಅಲ್ಲ ಎಂದು ಅಂದೇ ಗೊತ್ತಾಗಿತ್ತು. ಗಿರಿಧರ್ ಎಂದು ಕೂಗಿದ್ದರೆ ತಿರುಗಿ ನೋಡುತ್ತಿದ್ದಿರಾ ಎಂದು ಬಹಳ ದಿನ ಯೋಚಿಸಿದೆ. ನಾನು ‘ರೀ’ ಎಂದದ್ದನ್ನೂ ನೀವು ಕೇಳಿಸಿಕೊಂಡಿದ್ದಿರಿ. ಕೇಳಿಸಿತ್ತು ಎಂದೇ ಆ ಚಟ್ನಿಪುಡಿ ಡಬ್ಬಿಯ ಮುಚ್ಚಳವನ್ನು ಅಷ್ಟು ಹೊತ್ತು ತಿರುಗಿಸುತ್ತಿದ್ದಿರಿ.

ಸಹನಾ